ಸೋಲಬೇಕಾದ ಭಾನುವಾರ

ಪೋರ್ಟ್ ಗ್ಯಾನನ್ ಊರಿನಲ್ಲಿ ವಿಲ್ಮಾ ಸೆಡ್ಲಾಕಳ ಮುಖ ಬಲ್ಲವರು ಕಡಿಮೆ, ಅವಳ ಬೆರಳಿನ ಸದ್ದು ಕೇಳದವರು ಇಲ್ಲವೇ ಇಲ್ಲ. ಭಾನುವಾರ ಬೆಳಿಗ್ಗೆ ಸ್ಲೋವಾಕ್ ಕೇರಿಯ ಚರ್ಚಿನಲ್ಲಿ ಆರ್ಗನ್ ನುಡಿಸುವವಳು ಅವಳು. ಮಧ್ಯಾಹ್ನ ಸರೋವರದ ದಂಡೆಯ ಬೇಸ್‌ಬಾಲ್ ಮೈದಾನದಲ್ಲಿ, ಪ್ರೇಕ್ಷಕರ ನೆತ್ತಿಯ ಮೇಲಿನ ಗಾಜಿನ ಗೂಡಿನಲ್ಲಿ ಕೂತು ಆರ್ಗನ್ ನುಡಿಸುವವಳೂ ಅವಳೇ. ಚರ್ಚಿನಲ್ಲಿ ಅವಳ ಕೀರ್ತನೆಗಳು ಸ್ವಲ್ಪ ಓಡುತ್ತವೆ ಎಂಬುದು ಪಾದ್ರಿಗಳ ತಕರಾರು. "ಪಂದ್ಯಕ್ಕೆ ಹೊತ್ತಾಯ್ತು ಅಂತ ದೇವರನ್ನ ಓಡಿಸಬೇಡಮ್ಮ" ಎಂದು ಅವರು ಒಮ್ಮೆ ಅಂದಾಗ, "ದೇವರಿಗೂ ಪಂದ್ಯ ನೋಡೋದಿದೆ ಫಾದರ್" ಎನ್ನುತ್ತ ಕೋಟು ಏರಿಸಿಕೊಂಡು ಹೊರಟೇಬಿಟ್ಟಿದ್ದಳು.

ವಯಸ್ಸು ಎಪ್ಪತ್ತು ದಾಟಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಅಲ್ಲಿಂದ ಕೆಳಗಿಳಿದು ಯಾರನ್ನೂ ಕಚ್ಚಿದ್ದಿಲ್ಲ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ ಒಂದೇ ಉತ್ತರ: "ಕೇಳಿಕೊಂಡು ಬಂದವರಿಗೆಲ್ಲ ಬೇಸಿಗೆ ಸಂಜೆ ಮನೇಲಿರೋ ಹೆಂಡ್ತಿ ಬೇಕಿತ್ತು. ನಾನು ಚಳಿಗಾಲದ ಹೆಂಡ್ತಿ ಮಾತ್ರ ಆಗಬಲ್ಲೆ ಅಂದೆ. ಯಾರೂ ಒಪ್ಪಲಿಲ್ಲ." ಇದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು, ಕೇಳಿದವರೂ ನಗುತ್ತಿದ್ದರು. ಮನೆಗೆ ಹೋದ ಮೇಲೆ ಅವಳಿಗೆ ಏನನ್ನಿಸುತ್ತಿತ್ತೋ ಅದು ಬೇರೆ ಮಾತು.

ಅವಳ ಕಸುಬಿನ ಪ್ರಾಣ ಇದ್ದದ್ದು ಆರು ಸ್ವರಗಳಲ್ಲಿ. ತಂಡ ಹಿಂದೆ ಬಿದ್ದು ಪಂದ್ಯ ಕೊನೆಗೆ ಬಂದಾಗ, ಕಹಳೆ ಊದಿದ ಹಾಗೆ ಆ ಆರು ಸ್ವರಗಳನ್ನು ಏರಿಸಿ ನಿಲ್ಲಿಸುತ್ತಾಳೆ. ನಿಲ್ಲಿಸಿದ ಗಳಿಗೆಗೆ ಇಡೀ ಮೈದಾನ "ನುಗ್ಗು!" ಎಂದು ಕೂಗುತ್ತದೆ. ತಾತ ಕೂಗಿದ್ದಾನೆ, ಅಪ್ಪ ಕೂಗಿದ್ದಾನೆ, ತೊದಲು ನುಡಿಯುವ ಮಗುವೂ ಕೂಗುತ್ತದೆ. ಆ ಊರಿನವರಿಗೆ ಅದು ಸೀನು ಬಂದ ಹಾಗೆ, ತಡೆಯಲಾಗದು. ಹಿಂದೊಮ್ಮೆ ಮೈದಾನದ ಹಳೆಯ ಅಭಿಮಾನಿಯೊಬ್ಬ ತೀರಿಕೊಂಡಾಗ, ಚರ್ಚಿನಿಂದ ಶವಪೆಟ್ಟಿಗೆ ಹೊರಡುವ ಮುನ್ನ ಅವನ ನೆನಪಿಗೆ ಅದನ್ನು ಮೆಲ್ಲಗೆ ನುಡಿಸಿ ಎಂದು ಮಕ್ಕಳು ವಿಲ್ಮಾಳನ್ನು ಬೇಡಿಕೊಂಡರು. ಮೆಲ್ಲಗೇ ನುಡಿಸಿದಳು. ಕಣ್ಣೊರೆಸಿಕೊಳ್ಳುತ್ತಿದ್ದ ಚರ್ಚಿಗೆ ಚರ್ಚೇ "ನುಗ್ಗು!" ಎಂದು ಒದರಿತು, ಪಾದ್ರಿಗಳೂ ಸೇರಿ. ಆಮೇಲೆ ಯಾರಿಗೂ ಯಾರ ಮುಖ ನೋಡಲೂ ಆಗಲಿಲ್ಲ.

ಇಂಥ ಊರಿಗೆ ಬಂತು ಸೋಲುವ ಯೋಜನೆ.

ತಂಡದ ಹೆಸರು ಹೆರಾನ್ಸ್. ಟೋಪಿಯ ಮೇಲೆ ನೀಲಿ ಕೊಕ್ಕರೆ ಇದ್ದುದರಿಂದ ಊರವರು ಕೊಕ್ಕರೆಗಳು ಎಂದೇ ಕರೆಯುವುದು. ಈ ಕೊಕ್ಕರೆಗಳು ಗೆಲ್ಲುತ್ತಲೂ ಇರಲಿಲ್ಲ, ಪೂರ್ತಿ ಸೋಲುತ್ತಲೂ ಇರಲಿಲ್ಲ. ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತೆ ವರ್ಷಗಳು ಕಳೆದಿದ್ದವು. ಆಗ ಹೊಸ ವ್ಯವಸ್ಥಾಪಕ ಬಂದ. ಬುದ್ಧಿವಂತ, ಹೊರಗಿನವನು. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಬೇರೆ ಊರುಗಳಿಗೆ ಮಾರಿ, ಬದಲಿಗೆ ಇನ್ನೂ ಮೀಸೆ ಮೂಡದ ಹುಡುಗರನ್ನು ತಂದು ಸಣ್ಣ ತಂಡಗಳಲ್ಲಿ ಬೆಳೆಯಲು ಬಿಟ್ಟ. ಆಗಿನ್ನೂ ಈ ಆಟದ ಕಟ್ಟಳೆ ಹೀಗಿತ್ತು: ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮುಂದಿನ ವರ್ಷ ಹೊಸ ಹುಡುಗರನ್ನು ಆರಿಸುವಾಗ ಮೊದಲ ಆಯ್ಕೆ. ಆದ್ದರಿಂದ ಅರೆಬರೆ ಸೋಲುವುದಕ್ಕಿಂತ ಚೆನ್ನಾಗಿ ಸೋಲುವುದೇ ಲಾಭ. ಬೇಕೆಂದೇ ಸೋಲಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಗೆಲ್ಲಲಾರದವರನ್ನೇ ಹುಡುಕಿ ಮೈದಾನಕ್ಕಿಳಿಸಿದರೆ ಅವರು ಜೀವ ತೇಯ್ದು ಆಡಿದರೂ ಸೋಲುತ್ತಾರೆ. "ತಾಳ್ಮೆ ಬೇಕು" ಎಂದ ವ್ಯವಸ್ಥಾಪಕ. ತಾಳಿದವನು ಬಾಳಿಯಾನು, ನಿಜ. ಆದರೆ ಅದನ್ನು ಹೇಳುವವನಿಗೆ ಮೂವತ್ತೈದು, ಕೇಳಿಸಿಕೊಳ್ಳುವವರಲ್ಲಿ ಅರ್ಧ ಜನಕ್ಕೆ ಅರವತ್ತೈದು.

ಮೊದಲ ವರ್ಷ ಜನ ಬೈದರು. ಎರಡನೆಯ ವರ್ಷ ಬರುವುದನ್ನೇ ಬಿಟ್ಟರು. ಮೂರನೆಯ ವರ್ಷ ಆದದ್ದೇ ವಿಚಿತ್ರ, ಅವರಿಗೆ ಸೋಲು ರುಚಿಸತೊಡಗಿತು. ಬೆಳಿಗ್ಗೆ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವರು "ಏನಪ್ಪಾ, ನಿನ್ನೆ?" ಎಂದು ಕೇಳುವುದು, "ಸೋತ್ವಿ!" ಎಂದು ಇನ್ನೊಬ್ಬ ಹಲ್ಲು ಕಿರಿಯುವುದು, ಇಬ್ಬರೂ ಕೈ ತಟ್ಟಿಕೊಳ್ಳುವುದು.

ವಿಲ್ಮಾಳ ತಮ್ಮನ ಮಗ ಡ್ವೇನ್ ಆ ಪಂಥದ ಮಠಾಧಿಪತಿಯಂತಿದ್ದ. ಗಾಜಿನ ಕಾರ್ಖಾನೆಯಲ್ಲಿ ಲಾರಿಗೆ ಸಾಮಾನು ಏರಿಸುವ ಕೆಲಸ, ನಲವತ್ತರ ಹತ್ತಿರದ ವಯಸ್ಸು. ಚಿಕ್ಕಂದಿನಲ್ಲೇ ತಾಯಿ ಹೋದದ್ದರಿಂದ ಅತ್ತೆಯ ಅಡುಗೆಮನೆಯಲ್ಲೇ ಬೆಳೆದವನು. ಜಾರ್ಜಿಯಾದಲ್ಲಿ ಬೊವೆನ್ ಎಂಬ ಎಡಗೈ ಎಸೆತಗಾರ ಹುಡುಗನಿದ್ದ. ಅವನಂಥ ಕೈ ತಲೆಮಾರಿಗೊಂದು ಎಂದು ಎಲ್ಲರೂ ಹೇಳುತ್ತಿದ್ದರು. ಮೊದಲ ಆಯ್ಕೆ ಸಿಕ್ಕಿದರೆ ಬೊವೆನ್ ನಮ್ಮವನು. ಡ್ವೇನ್ ಆಗಲೇ ಬೆನ್ನ ಮೇಲೆ ಬೊವೆನ್ ಎಂದು ಅಚ್ಚು ಹಾಕಿಸಿದ ಅಂಗಿ ತೊಟ್ಟು ತಿರುಗುತ್ತಿದ್ದ.

"ಕೂಸು ಹುಟ್ಟೋ ಮುಂಚೆ ಕುಲಾವಿ" ಎಂದಳು ವಿಲ್ಮಾ.

"ಹುಟ್ಟುತ್ತೆ ಅತ್ತೆ, ಹುಟ್ಟೇ ಹುಟ್ಟುತ್ತೆ. ನೀನು ಆ ಪೀಪಿ ಊದೋದು ಸ್ವಲ್ಪ ಕಮ್ಮಿ ಮಾಡು ಸಾಕು. ಜುಲೈನಲ್ಲಿ ನಿನ್ನಿಂದ ಎರಡು ಪಂದ್ಯ ಗೆದ್ಬಿಟ್ವಿ."

"ಅದು ಪೀಪಿ ಅಲ್ಲ, ಆರ್ಗನ್. ತಟ್ಟೆ ಎತ್ತಿಡು."

ಆದರೆ ವಿಲ್ಮಾಗೂ ಆಸೆ ಇತ್ತು. ಅದನ್ನು ಅವಳು ಡ್ವೇನ್ ಮುಂದೆ ಒಪ್ಪುತ್ತಿರಲಿಲ್ಲ ಅಷ್ಟೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ಕೊಕ್ಕರೆಗಳು ಪಟ್ಟ ಗೆದ್ದದ್ದನ್ನು ಅವಳು ಕಂಡಿರಲಿಲ್ಲ. ಬೊವೆನ್ ಬಂದರೆ, ಮೂರು ನಾಲ್ಕು ವರ್ಷ ತನ್ನ ಕೈಗೆ ಸಂಧಿವಾತ ಬರದಿದ್ದರೆ, ಗೆದ್ದ ರಾತ್ರಿ ಏನು ನುಡಿಸುವುದು ಎಂಬುದನ್ನೂ ಯೋಚಿಸಿಟ್ಟಿದ್ದಳು. ಆಗಸ್ಟಿನ ಕೊನೆಗೆ ಆ ಆರು ಸ್ವರ ನುಡಿಸುವಾಗ ಬೆರಳಲ್ಲಿ ಬಿಗಿ ಇರಲಿಲ್ಲ. ಜನ ಕೂಗಿದರೆ ಕೂಗಲಿ, ಬಿಟ್ಟರೆ ಬಿಡಲಿ ಎಂಬಂತೆ ಮುಗಿಸುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಅವಳ ಮಹಡಿಯ ಕೋಣೆಗೆ ಎಲಾದಿಯೊ ಬಂದ.

ಡೊಮಿನಿಕನ್ ದೇಶದ ಬಾನಿ ಊರಿನವನು, ಮೂವತ್ತಮೂರು ವರ್ಷದವನು. ಹದಿನೆಂಟಕ್ಕೇ ಅಮೆರಿಕಕ್ಕೆ ಬಂದು ಅಲ್ಲಿಂದ ಇಲ್ಲಿಯವರೆಗೆ ಸಣ್ಣ ಊರುಗಳ ಸಣ್ಣ ತಂಡಗಳಲ್ಲಿ, ಬಸ್ಸಿನ ಸೀಟಿನಲ್ಲಿ ಮೈ ಮುದುಡಿ ಮಲಗಿ ಆಯಸ್ಸು ಸವೆಸಿದವನು. ದೊಡ್ಡ ತಂಡದ ಕರೆ ಅವನಿಗೆ ಇದೇ ಮೊದಲು. ಯಾಕೆ ಕರೆದರು ಎಂಬುದು ಅವನಿಗೂ ಗೊತ್ತಿತ್ತು. ವರ್ಷದ ಕೊನೆಗೆ ಅಪ್ಪಿತಪ್ಪಿ ಗೆದ್ದುಬಿಡಬಾರದಲ್ಲ, ಅದಕ್ಕೆ ಇದ್ದೊಬ್ಬ ಒಳ್ಳೆಯ ಬ್ಯಾಟುಗಾರನಿಗೆ ವಿಶ್ರಾಂತಿ ಕೊಟ್ಟು ಆ ಜಾಗಕ್ಕೆ ಇವನನ್ನು ನಿಲ್ಲಿಸಿದ್ದರು. ಒಂದು ತಿಂಗಳಾಗುತ್ತ ಬಂದರೂ ಹೊಡೆದು ಓಡಿ ಬೇಸು ಮುಟ್ಟುವಂಥ ಒಂದು ಹಿಟ್ ಕೂಡ ಅವನ ಬ್ಯಾಟಿನಿಂದ ಬಂದಿರಲಿಲ್ಲ. ಚೆಂಡಿಗೆ ಬ್ಯಾಟು ತಾಗಿದರೂ ಅದು ಯಾರದೋ ಕೈಗೆ ಹೋಗಿ ಬೀಳುತ್ತಿತ್ತು. ಋತು ಮುಗಿದ ಮರುದಿನ ಅವನನ್ನು ಬಿಟ್ಟುಬಿಡುವುದು ಖಚಿತವಾಗಿತ್ತು.

"ಒಂದೇ ಒಂದು ಹಿಟ್, ದೊನ್ಯಾ ವಿಲ್ಮಾ" ಎನ್ನುತ್ತಿದ್ದ, ಕಾಫಿಗೆ ಮೂರು ಚಮಚ ಸಕ್ಕರೆ ಸುರಿದುಕೊಳ್ಳುತ್ತ. ದೊಡ್ಡ ಹೆಂಗಸರನ್ನು ಅವರ ಕಡೆ ದೊನ್ಯಾ ಅನ್ನುವುದು. "ಒಂದು ಇದ್ರೆ ನಾನೂ ಅಲ್ಲಿ ಆಡಿದ್ದೆ ಅಂತ ಹೇಳಬಹುದು. ಸೊನ್ನೆ ಇಟ್ಕೊಂಡು ಊರಿಗೆ ಹೋದ್ರೆ, ಹೋಗಿದ್ಯಾ ಇಲ್ವಾ ಅಂತ ನಮ್ಮಮ್ಮನೇ ಕೇಳ್ತಾಳೆ."

"ಬರುತ್ತೆ ಕಣೋ. ಸಕ್ಕರೆ ಕಮ್ಮಿ ಮಾಡು, ಬರುತ್ತೆ."

ವಿಚಿತ್ರವೆಂದರೆ ಅವನ ಜೀವದ ಗೆಳೆಯನಾದವನು ಡ್ವೇನೇ. ದಿನಾ ತನ್ನ ಪಿಕಪ್ ಗಾಡಿಯಲ್ಲಿ ಅವನನ್ನು ಮೈದಾನಕ್ಕೆ ಬಿಡುವವನೂ ಅವನೇ, ಬಿಡುವಿದ್ದಾಗ ಸರೋವರಕ್ಕೆ ಮೀನು ಹಿಡಿಯಲು ಕರೆದೊಯ್ಯುವವನೂ ಅವನೇ. ದಾರಿಯುದ್ದಕ್ಕೂ "ಇವತ್ತು ಹೊಡೀತೀಯ ಬಿಡು" ಎಂದು ಅವನಿಗೆ ಧೈರ್ಯ ಹೇಳಿ, ಇಳಿಸಿ, ಆಮೇಲೆ ಮೇಲೆ ಹೋಗಿ ಕೂತು ತಂಡ ಸೋಲಲಿ ಎಂದು ಹರಸುವುದು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ಕೊನೆಯ ಪಂದ್ಯ ಭಾನುವಾರ ಮಧ್ಯಾಹ್ನಕ್ಕಿತ್ತು. ಕೊಕ್ಕರೆಗಳಷ್ಟೇ ಕೆಟ್ಟದಾಗಿ ಆಡಿದ ಇನ್ನೊಂದು ತಂಡವಿತ್ತು, ಅದರ ಲೆಕ್ಕ ಹಿಂದಿನ ದಿನವೇ ಮುಗಿದಿತ್ತು. ಇವತ್ತು ಸೋತರೆ ಮೊದಲ ಆಯ್ಕೆ ನಮ್ಮದು, ಗೆದ್ದರೆ ಅವರದು. ವರ್ಷವಿಡೀ ಖಾಲಿ ಹೊಡೆಯುತ್ತಿದ್ದ ಮೈದಾನ ಅವತ್ತು ತುಂಬಿ ತುಳುಕಿತು. ಸೋಲುವುದನ್ನು ನೋಡಲು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಡ್ವೇನ್ ಎಲಾದಿಯೊನನ್ನು ಎಂದಿನಂತೆ ಗಾಡಿಯಲ್ಲಿ ಕರೆತಂದ. ಗಾಡಿಯ ಹಿಂಭಾಗದಲ್ಲಿ ಒಂದು ದೊಡ್ಡ ರಟ್ಟನ್ನು ಅಕ್ಷರ ಕಾಣದ ಹಾಗೆ ಮಗುಚಿ ಹಾಕಿದ್ದ. ಗೆಳೆಯ ಒಳಕ್ಕೆ ಹೋದ ಮೇಲೆ ಅದನ್ನು ಎತ್ತಿಕೊಂಡ. "ದಮ್ಮಯ್ಯ, ಇದೊಂದು ಸೋತುಬಿಡಿ" ಎಂದು ಅದರ ಮೇಲೆ ಬರೆದಿತ್ತು.

ವಿಲ್ಮಾ ಗೂಡಿನಲ್ಲಿ ಕೂತು ಕಿವಿಗೆ ಯಂತ್ರ ಸಿಕ್ಕಿಸಿಕೊಂಡಳು. ಕೆಳಗಿನ ಕೋಣೆಯಲ್ಲಿ ಪರದೆ, ಹಾಡು, ಜಾಹೀರಾತುಗಳನ್ನೆಲ್ಲ ನೋಡಿಕೊಳ್ಳುವ ಟ್ರಿಷ್ ಎಂಬ ಹೆಂಗಸಿನ ದನಿ ಅದರಲ್ಲಿ ಬರುತ್ತದೆ.

"ವಿಲ್ಮಾ, ಇವತ್ತು ನುಗ್ಗು ಬೇಡ, ಆಯ್ತಾ? ಜನ ಬೇರೆ ಖುಷೀಲಿದಾರೆ. ನೀವು ಅದನ್ನ ನುಡಿಸಿದ್ರೆ ನಿಮ್ಗೇ ಬೈತಾರೆ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲಪ್ಪ. ನಂಗನ್ನಿಸ್ತು, ಹೇಳ್ದೆ."

ವಿಲ್ಮಾಗೂ ಜಗಳ ಬೇಕಿರಲಿಲ್ಲ. ಮೇಲಾಗಿ ಬೊವೆನ್ ಬೇಕಿತ್ತು. ಎಂಟು ಇನ್ನಿಂಗ್ಸ್‌ವರೆಗೂ ಸಣ್ಣಪುಟ್ಟ ಕುಣಿತದ ಹಾಡುಗಳನ್ನೇ ನುಡಿಸಿದಳು. ಎದುರಾಳಿ ರನ್ ಹೊಡೆದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮವನು ಚೆಂಡು ಕೈಚೆಲ್ಲಿದರೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು. ನಗು, ಬಿಯರು, ಹುರಿದ ಕಡಲೆಕಾಯಿ. ಅಷ್ಟು ಸಂತೋಷವಾಗಿದ್ದ ಮೈದಾನವನ್ನು ಅವಳು ವರ್ಷಗಳಿಂದ ಕಂಡಿರಲಿಲ್ಲ. ಕಂಡು ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ.

ಒಂಬತ್ತನೆಯ, ಅಂದರೆ ಕಡೆಯ ಇನ್ನಿಂಗ್ಸಿನ ಕೊನೆಗೆ ನಾವು ಒಂದು ರನ್ ಹಿಂದಿದ್ದೆವು. ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಆಟ ಮುಗಿದಂತೆ. ಆದರೆ ಎದುರಾಳಿಯ ಎಡವಟ್ಟಿನಿಂದ ನಮ್ಮ ಇಬ್ಬರು ಎರಡನೆಯ, ಮೂರನೆಯ ಬೇಸುಗಳಲ್ಲಿ ನಿಂತಿದ್ದರು. ಒಂದು ನೇರ ಹಿಟ್ ಬಿದ್ದರೆ ಇಬ್ಬರೂ ಓಡಿ ಬಂದು ಮನೆ ಎಂಬ ಕೊನೆಯ ಬೇಸು ಮುಟ್ಟಿ, ಎರಡು ರನ್ ಆಗಿ ನಾವು ಗೆದ್ದಂತೆ. ಬ್ಯಾಟು ಹಿಡಿದು ಬಂದವನು ಎಲಾದಿಯೊ.

ಜನಕ್ಕೆ ನಿರಾಳವಾಯಿತು. "ಸದ್ಯ, ಇವ್ನು ಬಂದ!" ಎಂದು ಗೂಡಿನ ಕೆಳಗೇ ಯಾರೋ ಕೂಗಿದ. ಸುತ್ತಲಿನವರು ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಆಮೇಲೆ "ಔಟಾಗು, ಔಟಾಗು" ಎಂದು ತಾಳ ಹಾಕತೊಡಗಿದರು. ಸಿಟ್ಟಿನಿಂದಲ್ಲ, ಮುದ್ದಿನಿಂದ, ಮದುವೆ ಮನೆಯಲ್ಲಿ ಗಂಡನ್ನು ಗೋಳು ಹೊಯ್ದುಕೊಳ್ಳುವ ಹಾಗೆ.

ಎಲಾದಿಯೊ ಗೆರೆಯಿಂದ ಈಚೆ ಬಂದು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒಮ್ಮೆ ತಲೆಯೆತ್ತಿ ಸುತ್ತ ನೋಡಿದ. ಅವನಿಗೆ ಬೈಗುಳ ಹೊಸದಲ್ಲ. ಎಷ್ಟೋ ಊರುಗಳಲ್ಲಿ ಪರರ ಬಾಯಿಂದ ತಾಯಿ ತಂದೆ ಸಮೇತ ಬೈಸಿಕೊಂಡವನು. ಆದರೆ ತಾನು ತೊಟ್ಟ ಅಂಗಿಯನ್ನೇ ತೊಟ್ಟವರು, ಅದೇ ಕೊಕ್ಕರೆಯನ್ನು ತಲೆಯ ಮೇಲಿಟ್ಟುಕೊಂಡವರು, ನೀನು ಕೆಡು ಎಂದು ಹರಸುವುದನ್ನು ಅವನು ಎಲ್ಲಿಯೂ ಕೇಳಿರಲಿಲ್ಲ.

ವಿಲ್ಮಾ ಗೂಡಿನಿಂದ ಅವನನ್ನೇ ನೋಡಿದಳು. ನಾಳೆ ಬೆಳಿಗ್ಗೆ ಇವನು ಚೀಲ ಕಟ್ಟುತ್ತಾನೆ. ಹದಿನೈದು ವರ್ಷ ಬಸ್ಸಿನಲ್ಲಿ ಮಲಗಿ ಕೊನೆಗೂ ಬಂದು ಸೇರಿದ ಮನೆಯಲ್ಲಿ ಅವನ ಪರವಾಗಿ ಒಬ್ಬರೂ ಇಲ್ಲ. ಹಿಟ್ ಬರುವುದು ಬಿಡುವುದು ಅವನ ಹಣೆಬರಹ, ಅದನ್ನು ಆರ್ಗನ್ ತಿದ್ದಲಾರದು. ಆದರೆ ಬರಲಿ ಅಂತ ಕೇಳುವವರಾದರೂ ಬೇಡವೇ? ಅತ್ತ ಬೊವೆನ್, ಇತ್ತ ಇವನು. ಬೊವೆನ್ ಅವಳ ಅಡುಗೆಮನೆಯಲ್ಲಿ ಕಾಫಿ ಕುಡಿದವನಲ್ಲ.

ನುಡಿಸಿದಳು. ಆರು ಸ್ವರ, ಪೂರ್ತಿ ಬಿಗಿಯಾಗಿ.

"ನುಗ್ಗು!" ಎಂದಿತು ಮೈದಾನ. ಬಾಯಿ ಬಿಟ್ಟ ಮೇಲೆ ಗೊತ್ತಾಯಿತು ತಾವು ಏನು ಕೂಗಿದ್ದೆಂದು. ಒಬ್ಬರ ಮುಖ ಒಬ್ಬರು ನೋಡಿ ಗೊಳ್ಳೆಂದು ನಕ್ಕರು. ನಗು ಇಳಿಯುವ ಮೊದಲೇ ಅವಳು ಒಂದು ಮನೆ ಮೇಲಿನ ಸ್ವರದಲ್ಲಿ ಮತ್ತೆ ನುಡಿಸಿದಳು. "ನುಗ್ಗು!" ಈ ಸಲ ನಗು ಕಡಿಮೆಯಿತ್ತು.

"ವಿಲ್ಮಾ, ಏನ್ಮಾಡ್ತಿದೀರಿ?" ಎಂದಳು ಕಿವಿಯಲ್ಲಿ ಟ್ರಿಷ್.

ವಿಲ್ಮಾ ಯಂತ್ರವನ್ನು ಕಿವಿಯಿಂದ ಕಿತ್ತು ಪಕ್ಕಕ್ಕಿಟ್ಟಳು.

ಚೆಂಡೆಸೆಯುವವನು ಕೈ ಎತ್ತಿದ ಮೇಲೆ ನುಡಿಸುವಂತಿಲ್ಲ. ಎಸೆದ ಚೆಂಡಿಗೆ ಎಲಾದಿಯೊ ಬೀಸಿದ, ಅದು ಗೆರೆಯಾಚೆ ಹೋಯಿತು, ಹಿಟ್ಟಿನ ಲೆಕ್ಕಕ್ಕೆ ಬರಲಿಲ್ಲ. ಮತ್ತೆ ನುಡಿಸಿದಳು. ಇನ್ನೊಂದು ಚೆಂಡು, ಅದೂ ಗೆರೆಯಾಚೆ, ಆದರೆ ಈ ಸಲ ಗೋಡೆಗೆ ಬಡಿದ ಸದ್ದು ಮೇಲಿನವರೆಗೂ ಕೇಳಿಸಿತು. ಜನ ಏಳತೊಡಗಿದರು. ಯಾಕೆ ಏಳುತ್ತಿದ್ದೇವೆ ಎಂದು ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ. ತಾತಂದಿರ ಕಾಲದಿಂದ ಎದ್ದ ಕಾಲುಗಳು ಎದ್ದವು. ಮತ್ತೊಮ್ಮೆ ಆರು ಸ್ವರ. "ನುಗ್ಗು!" ಗಾಜಿನ ಗೂಡು ಝಲ್ಲೆಂದಿತು. ಮೂರನೆಯ ಬೇಸಿನ ಪಕ್ಕದ ಸಾಲಿನಲ್ಲಿ ಡ್ವೇನ್ ಕಂಡ. ದಮ್ಮಯ್ಯ ಸೋತುಬಿಡಿ ಎಂಬ ರಟ್ಟನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಬೀಸುತ್ತ, ಕತ್ತಿನ ನರ ಉಬ್ಬಿಸಿ, "ಹೊಡೀ, ಎಲಾದಿಯೊ! ಹೊಡೀ!" ಎಂದು ಅರಚುತ್ತಿದ್ದ.

ಎಲಾದಿಯೊ ಹೊಡೆದ.

ಬ್ಯಾಟಿನ ನಟ್ಟನಡುವೆ ಬಿದ್ದ ಹೊಡೆತ. ಚೆಂಡು ನೆಲ ಮುಟ್ಟದೆ ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ಗುಂಡಿನಂತೆ ಹೋಯಿತು. ಮೂವತ್ತು ಸಾವಿರ ಜನ ಒಟ್ಟಿಗೆ ಉಸಿರೆಳೆದುಕೊಂಡರು. ಅಲ್ಲಿ ಕಾವಲಿಗೆ ನಿಂತಿದ್ದ ಎದುರಾಳಿಯ ಎಳೆಯ ಆಟಗಾರ ಎಡಕ್ಕೆ ಹಾರಿದ, ನೆಲಕ್ಕೆ ಸಮನಾಗಿ ಮೈ ಚಾಚಿದ, ಬಿದ್ದ, ಉರುಳಿದ. ಕೈಗವಸು ಮೇಲೆತ್ತಿ ತೋರಿಸಿದ. ಚೆಂಡು ಅದರಲ್ಲಿತ್ತು.

ಪಂದ್ಯ ಮುಗಿಯಿತು. ಕೊಕ್ಕರೆಗಳು ಸೋತವು. ದೊಡ್ಡ ಪರದೆಯ ಮೇಲೆ ಅಂಕಿ ಬಂತು. ಮೊದಲ ಆಯ್ಕೆ, ಬೊವೆನ್, ಬಯಸಿ ಬಂದದ್ದೆಲ್ಲ ಕೈಗೆ ಬಂತು. ಆಗ ಆ ಮೈದಾನದಿಂದ ಹೊರಟ ಸದ್ದು ಜಯಘೋಷವಲ್ಲ, ನರಳಾಟ. ಹೊಟ್ಟೆಯ ತಳದಿಂದ ಬಂದ ಒಂದು ಉದ್ದನೆಯ "ಅಯ್ಯೋ". ಎಷ್ಟೋ ಜನ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಮೂರು ವರ್ಷದಿಂದ ಸೋಲು ಅವರಿಗೆ ನೋವು ಕೊಟ್ಟಿರಲಿಲ್ಲ. ಅವತ್ತು ಕೊಟ್ಟಿತು, ಮತ್ತು ಎಲ್ಲಿ ನೋಯುತ್ತದೆ ಎಂದು ಅವರಿಗೆ ಚೆನ್ನಾಗಿ ನೆನಪಿತ್ತು. ವಿಲ್ಮಾ ಎಲ್ಲರೂ ಮನೆಗೆ ಹೋಗುವ ಹಾಡು ನುಡಿಸಿದಳು. ಯಾರೂ ಏಳಲಿಲ್ಲ. ಮತ್ತೊಮ್ಮೆ ನುಡಿಸಬೇಕಾಯಿತು.

ಸಂಜೆ ಬಿಸಿಲು ಅಡುಗೆಮನೆಯ ಕಿಟಕಿಯಲ್ಲಿರುವಾಗಲೇ ಪಿಕಪ್ ಗಾಡಿ ಬಂದು ನಿಂತ ಸದ್ದಾಯಿತು. ಬೆಳಿಗ್ಗೆ ಚರ್ಚಿಗೆ ಹೋಗುವ ಮುನ್ನವೇ ಎಲೆಕೋಸಿನ ಎಲೆಯಲ್ಲಿ ಮಾಂಸ, ಅನ್ನ ಸುತ್ತಿಟ್ಟಿದ್ದ ಹೊಲುಬ್ಕಿ ಒಲೆಯ ಮೇಲೆ ಬೇಯುತ್ತಿತ್ತು. ಡ್ವೇನ್ ಬಾಗಿಲಲ್ಲೇ ಶುರು ಮಾಡಿದ. ಗಂಟಲು ಕಟ್ಟಿ ದನಿ ಕಪ್ಪೆಯದಾಗಿತ್ತು.

"ಆ ಬಡ್ಡೀಮಗ ಹೆಂಗೆ ಹಿಡಿದ ನೋಡಿದ್ಯಾ ಅತ್ತೆ? ಕಳ್ಳ! ಹಗಲು ದರೋಡೆ ಅದು! ಅದು ಹಿಟ್ ಕಣೆ ಅತ್ತೆ, ಯಾವನನ್ನ ಬೇಕಾದ್ರೂ ಕೇಳು, ಹಿಟ್ ಅಂದ್ರೆ ಹಿಟ್!"

"ಅವನು ಹಿಡೀದೇ ಇದ್ದಿದ್ರೆ ನಿನ್ನ ಬೊವೆನ್ ಬರ್ತಿರಲಿಲ್ಲ."

"ಬೊವೆನ್ ಹಾಳಾಗ್ಲಿ. ಹಿಡಿಯೋದೇನಿತ್ತು ಅವನಿಗೆ? ಅವರು ಗೆದ್ರೂ ಒಂದೇ ಸೋತ್ರೂ ಒಂದೇ. ಬಿಟ್ಟಿದ್ರೆ ಅವನ ಗಂಟೇನು ಹೋಗ್ತಿತ್ತು?"

ಎಲಾದಿಯೊ ಕೈ ತೊಳೆದು ಬಂದು ಕೂತ. ಮುಖ ಸಪ್ಪಗಿರುತ್ತದೆ ಎಂದು ವಿಲ್ಮಾ ಹೆದರಿದ್ದಳು. ದಣಿದಿತ್ತು, ಸಪ್ಪಗಿರಲಿಲ್ಲ.

"ಅಮ್ಮ ಫೋನ್ ಮಾಡಿದ್ಲು" ಎಂದ. "ಪಕ್ಕದ ಮನೆ ಟಿವೀಲಿ ನೋಡಿದಾಳೆ. ಅಷ್ಟೊಂದು ಜನ ನಿಂಗೋಸ್ಕರ ಎದ್ದು ನಿಂತ್ರಲ್ಲೋ, ನಾನು ಅವರನ್ನೇ ನೋಡ್ತಾ ಚೆಂಡು ಎಲ್ಲಿ ಹೋಯ್ತು ನೋಡ್ಲೇ ಇಲ್ಲ ಅಂದ್ಲು. ಹಿಟ್ ಆಯ್ತಾ ಅಂತ ಕೇಳಿದ್ಲು."

"ನೀನೇನಂದೆ?" ಎಂದಳು ವಿಲ್ಮಾ.

"ಆಗ್ಲಿಲ್ಲ ಅಂದೆ. ಅಮ್ಮನ ಹತ್ರ ಸುಳ್ಳು ಹೇಳೋಕಾಗುತ್ತಾ?" ಅವನು ಬ್ರೆಡ್ಡು ಮುರಿದು ಸಾರಿಗೆ ಅದ್ದಿದ. ಆಮೇಲೆ ಡ್ವೇನ್ ಕಡೆ ತಿರುಗಿದ. "ಗಾಡಿಯಲ್ಲಿ ರಟ್ಟು ನೋಡ್ದೆ ಕಣೋ. ಬರ್ತಾ ಮಗುಚಿ ಹಾಕೋದು ಮರ್ತುಬಿಟ್ಟಿದ್ದೆ ನೀನು."

ಡ್ವೇನ್ ಕಿವಿಯವರೆಗೂ ಕೆಂಪಾದ. ತಟ್ಟೆಯಲ್ಲಿದ್ದುದನ್ನು ಫೋರ್ಕಿನಿಂದ ಆ ಕಡೆ ಈ ಕಡೆ ತಳ್ಳಿದ.

"ತಂಡ ಸೋಲ್ಲಿ ಅಂತ ಬಂದಿದ್ದು ಹೌದಪ್ಪ" ಎಂದ ಕೊನೆಗೆ. "ಆದ್ರೆ ನೀನು ಔಟಾಗ್ಲಿ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ದೇವರಾಣೆ."

ಎಲಾದಿಯೊ ನಕ್ಕ. ಕೊಂಕಿರಲಿಲ್ಲ ಆ ನಗುವಿನಲ್ಲಿ. ನಿಜಕ್ಕೂ ತಿಳಿಯಬೇಕಾದವನ ಹಾಗೆ ಕೇಳಿದ:

"ನಾವು ಔಟಾಗದೆ ನೀವು ಹೆಂಗಪ್ಪ ಸೋಲೋದು?"

ವಿಲ್ಮಾ ಎದ್ದು ಪಾತ್ರೆ ತಂದು, ಇಬ್ಬರ ತಟ್ಟೆಗೂ ಮತ್ತೊಂದೊಂದು ಹೊಲುಬ್ಕಿ ಬಡಿಸಿದಳು.